ರೇಷ್ಮೆ ಹುಳುವಿನ ಮನೆಯಲ್ಲಿ ವಿಡಿಯೋ ಗೇಮ್

ತೊಂಬತ್ತರ ದಶಕದ ನಡುವಿನ ಮಾತು. ನಾನು ಬಾಶೆಟ್ಟಿಹಳ್ಳಿಯ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್. ಬೆಳಗಿನ ಶಿಫ್ಟು ಮುಗಿದ ಮೇಲೆ ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡ್ ಹತ್ತಿರದ ವಿಡಿಯೋ ಗೇಮ್ ಅಂಗಡಿಗೆ ಹೋಗಿ, ಆಕಾಶದಿಂದ ಇಳಿದು ಬರುವ ಶತ್ರುಗಳನ್ನೆಲ್ಲ ಸುಟ್ಟು ಭೂಮಿಯನ್ನು ಕಾಪಾಡಿ, ಆಮೇಲೆ ಮನೆಗೆ ಹೋಗುತ್ತಿದ್ದೆ. ಭೂಮಿ ಕಾಪಾಡಿ ಬಂದವನಿಗೆ ಬಾಗಿಲಲ್ಲೇ ಹೆಂಡತಿಯ ಸ್ವಾಗತ: "ಸೊಪ್ಪು ತಂದ್ರಾ?"

ಟಿವಿಗೆ ಸಿಕ್ಕಿಸಿ ಮನೆಯಲ್ಲೇ ಆಡುವ ಗೇಮುಗಳು ಬಂದವು ನೋಡಿ, ಅಂಗಡಿ ಮುಚ್ಚಿಹೋಯಿತು. ನಾನು ಆಡುತ್ತಿದ್ದ, ಬೀರುವಿನಷ್ಟು ಎತ್ತರದ ಮೆಷಿನ್ನನ್ನು ಒಡೆದು ಸೌದೆ ಮಾಡಿಕೊಳ್ಳುತ್ತೇನೆ ಅಂದ ಅಂಗಡಿಯವನು. ನನ್ನ ಕರುಳು ಚುರುಕ್ ಅಂದಿತು. ಅಜ್ಜಿ ಕೊಟ್ಟ ತಾಮ್ರದ ಹಂಡೆಯನ್ನು ಮಾರಿದಾಗ ಕೂಡ ಅದು ಹಾಗೆ ಅಂದಿರಲಿಲ್ಲ.

ಹೆಂಡತಿಯ ತಂಗಿಯ ಗಂಡ, ಅಂದರೆ ನನ್ನ ಷಡ್ಡಕ, ನೆಲಮಂಗಲದಲ್ಲಿ ಟಿವಿ ರಿಪೇರಿ ಅಂಗಡಿ ಇಟ್ಟಿದ್ದ. ಹಳೇ ರೇಡಿಯೋ, ಟೇಪ್ ರೆಕಾರ್ಡರುಗಳ ಹೊಟ್ಟೆ ಬಗೆದು ನೋಡುವ ಕಾಯಿಲೆ ಇಬ್ಬರಿಗೂ ಒಂದೇ. ಇಬ್ಬರೂ ಸೇರಿ ಸೌದೆಯ ಬೆಲೆಗೆ ಮೆಷಿನ್ನನ್ನು ಕೊಂಡು, ಟೆಂಪೋದಲ್ಲಿ ಹಾಕಿಕೊಂಡು ತೂಬಗೆರೆಗೆ, ಮಾವನ ಮನೆಗೆ ಸಾಗಿಸಿದೆವು. ಅಲ್ಲಿ ರೇಷ್ಮೆ ಬೆಳೆ ಮುಗಿದು ಹುಳುವಿನ ಮನೆ ಖಾಲಿ ಬಿದ್ದಿತ್ತು. ಗೂಡು ಕಟ್ಟಿಸುವ ಚಂದ್ರಿಕೆಗಳನ್ನು ಪಕ್ಕಕ್ಕೆ ಸರಿಸಿ ಮೆಷಿನ್ನನ್ನು ನಿಲ್ಲಿಸಿದೆವು. ಮಾವ ಅದರ ಸುತ್ತ ಒಂದು ಸುತ್ತು ಬಂದು, "ಇದ್ರಲ್ಲಿ ಕಾಳು ತುಂಬ್ಬೋದಾ?" ಅಂತ ಕೇಳಿದರು. ಇಲ್ಲ ಅಂದಾಗ ಆಸಕ್ತಿ ಕಳೆದುಕೊಂಡು, "ಮುಂದಿನ ಬೆಳೆಗೆ ಮುಂಚೆ ತಗೊಂಡ್ಹೋಗ್ಬಿಡಿ, ಅಳಿಯಂದ್ರೇ" ಅಂದು ಹೋದರು.

ಅಲ್ಲಿಯವರೆಗೆ ನಾವಿಬ್ಬರೂ ಅಣ್ಣತಮ್ಮಂದಿರ ಹಾಗಿದ್ದವರು. ಮೆಷಿನ್ನಿನ ಹಿಂದಿನ ಬಾಗಿಲು ಬಿಚ್ಚಿದ ಕೂಡಲೇ ನಂಟಸ್ತಿಕೆಯ ನಿಜಬಣ್ಣ ತಿಳಿಯಿತು.

"ಒಳಗಿನ ಬೋರ್ಡು ಕಿತ್ತು ಬಿಸಾಕ್ಬಿಟ್ಟು ಹೊಸಾದು ಹಾಕ್ಬಿಡಾಣ ಅಣ್ಣ. ಈಗೆಲ್ಲ ಇಬ್ರು ನಿಂತ್ಕೊಂಡು ಹೊಡೆದಾಡೋ ಗೇಮು ಬಂದವೆ" ಅಂದ ಷಡ್ಡಕ.

"ಏನಪ್ಪಾ ನೀನು! ಹಳೇ ವಿಗ್ರಹದ ಮೂಗು ಮುರಿದಿದ್ರೆ ಪ್ಲಾಸ್ಟಿಕ್ ಮೂಗು ಅಂಟಿಸ್ತೀಯಾ?"

"ಇದು ವಿಗ್ರಹ ಅಲ್ಲ ಅಣ್ಣ, ಪ್ಲೈವುಡ್ಡು."

ಇಂಥ ಅರಸಿಕನಿಗೆ ಏನು ಹೇಳುವುದು! ಒಂದೊಂದು ಸ್ಕ್ರೂ ಕೂಡ ಮೊದಲಿದ್ದ ಹಾಗೇ ಇರಬೇಕು ಅನ್ನುವುದು ನನ್ನ ಸಿದ್ಧಾಂತ. ಆ ಸಿದ್ಧಾಂತ ನನಗೆ ಯಾವಾಗ ಬಂತೋ ಗೊತ್ತಿಲ್ಲ. ನನ್ನ ಸ್ವಂತ ಸೈಕಲ್ಲಿನಲ್ಲಿ ಬೆಲ್ಲು ಬಿಟ್ಟು ಬೇರೆ ಯಾವುದೂ ಮೊದಲಿನದಾಗಿರಲಿಲ್ಲ.

ಒಂದು ಭಾನುವಾರ ನನಗೆ ಡ್ಯೂಟಿ ಬಿತ್ತು. ಮುಂದಿನ ಸಲ ಹೋಗಿ ನೋಡುತ್ತೇನೆ, ಒಂದೇ ಗುಂಡಿ ಇದ್ದ ಮುಂದಿನ ಹಲಗೆಯಲ್ಲಿ ಸಾಲಾಗಿ ತೂತುಗಳು! ಹೊಡೆದಾಡುವ ಗೇಮಿಗೆ ಗುಂಡಿಗಳು ಜಾಸ್ತಿ ಬೇಕಂತೆ, ಡ್ರಿಲ್ಲಿಂಗ್ ಮೆಷಿನ್ ತಂದು ಕೊರೆದುಬಿಟ್ಟಿದ್ದಾನೆ. ನಾನು ಕೂಗಾಡಿದೆ. ಅವನೂ ಕೂಗಾಡಿದ. ಇಬ್ಬರೂ ಊಟ ಮಾಡದೆ, ಬೇರೆ ಬೇರೆ ಬಸ್ಸಿನಲ್ಲಿ ಹೊರಟುಹೋದೆವು. ಅತ್ತೆ ಮಾಡಿದ್ದ ಹಿತಕಿದ ಬೇಳೆ ಸಾರನ್ನು ಬಿಟ್ಟು ಬಂದದ್ದು ಅವತ್ತು ನನಗೆ ದೊಡ್ಡ ತ್ಯಾಗದಂತೆ ಕಂಡಿತು. ಯಾರಿಗಾಗಿ ಅಂತ ಮಾತ್ರ ಹೊಳೆಯಲಿಲ್ಲ.

ನಮ್ಮ ಮಾತುಕತೆ ನಿಂತಿತು. ಅಕ್ಕತಂಗಿಯರದು ನಿಲ್ಲಲಿಲ್ಲ. ಹಬ್ಬಕ್ಕೆ ಎಲ್ಲರೂ ಮಾವನ ಮನೆಯಲ್ಲಿ ಸೇರಿದಾಗ ನಾದಿನಿ ನನಗೆ ಕೇಳಿಸುವಂತೆಯೇ ನನ್ನ ಹೆಂಡತಿಗೆ ಹೇಳಿದಳು: "ಬೇರೆಯೋರು ಹೊಲ ಗದ್ದೆಗೆ ಜಗಳ ಆಡ್ತಾರೆ ಕಣಕ್ಕಾ. ನಮ್ಮೋರು ತೂತಿಗೆ ಆಡ್ತಾವ್ರೆ. ಹೊರಗಡೆ ಹೇಳ್ಕೊಳ್ಳಕ್ಕೂ ಆಗಲ್ಲ."

ನಾನು ಕಿವುಡನಂತೆ ಎದ್ದು ಹುಳುವಿನ ಮನೆಗೆ ಹೋದೆ. ಹಲಗೆ ಹಾಳಾದರೇನು, ಮೆಷಿನ್ನಿನ ಪಕ್ಕೆಯ ಮೇಲೆ ಬರೆದಿದ್ದ ರಾಕೆಟ್ ಚಿತ್ರವನ್ನಾದರೂ ಮೊದಲಿನಂತೆ ಮಾಡೋಣ ಅಂತ, ಪೇಂಟಿಗೆ ಬೆರೆಸುವ ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜತೊಡಗಿದೆ. ಮೇಲಿನ ಕೊಳೆ ಹೋಯಿತು. ಅದರ ಜೊತೆಗೇ ಅರ್ಧ ರಾಕೆಟ್ಟೂ ಹೋಯಿತು. ಅದರ ಕೆಳಗಿಂದ ಕೆಂಪು ಬಣ್ಣದ ಒಂದು ಕಾರಿನ ಮೂತಿ ಎದ್ದು ಬಂತು.

ಗಾಬರಿಯಲ್ಲಿ, ಮಾತು ಬಿಟ್ಟಿದ್ದೇನೆ ಅನ್ನುವುದನ್ನೇ ಮರೆತು ಷಡ್ಡಕನನ್ನು ಕೂಗಿದೆ. ಅವನು ಬಂದು ಟಾರ್ಚು ಹಿಡಿದು, ಮುಂದಿನ ಹಲಗೆಯನ್ನು ಬಿಚ್ಚಿ ತಿರುಗಿಸಿ ನೋಡಿದ. ನಡುವೆ ದೊಡ್ಡ ತೂತೊಂದಕ್ಕೆ ಮರದ ಬಿಲ್ಲೆ ಹೊಡೆದು ಮುಚ್ಚಿದ್ದರು. ಅಲ್ಲಿ ಒಂದು ಕಾಲಕ್ಕೆ ಸ್ಟೇರಿಂಗ್ ಇತ್ತು. ನಾನು ಪ್ರಾಣ ಒತ್ತೆಯಿಟ್ಟು ಕಾಪಾಡುತ್ತಿದ್ದ ಅಸಲಿ ಮೆಷಿನ್ನು, ಯಾರೋ ಯಾವಾಗಲೋ ಕಾರಿನ ಗೇಮನ್ನು ಕಿತ್ತೆಸೆದು ರಾಕೆಟ್ಟಿನ ಗೇಮು ತುಂಬಿದ್ದ ಮೆಷಿನ್ನು.

ಷಡ್ಡಕ ನಗುತ್ತಾನೆ ಅಂದುಕೊಂಡಿದ್ದೆ. ನಗಲಿಲ್ಲ. ಅದು ಇನ್ನೂ ಕಷ್ಟವಾಯಿತು. "ಈಗ ಯಾವ್ದನ್ನ ಕಾಪಾಡ್ತೀಯ ಅಣ್ಣ?" ಅಂತ ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದ.

ಅಷ್ಟರಲ್ಲಿ ಥಿನ್ನರ್ ವಾಸನೆ ಹಿಡಿದು ಮಾವ ಓಡಿಬಂದರು. "ಮುಂದಿನ ವಾರ ಹುಳ ತರ್ತೀನಿ, ಈ ಗಬ್ಬಿಗೆ ಒಂದಾದ್ರೂ ಉಳಿಯುತ್ತಾ? ನಡೀರಿ, ಈಗಿಂದೀಗ್ಲೇ ಇದನ್ನ ಆಚೆಗೆ ಹಾಕ್ರಿ" ಅಂತ ರೇಗಿದರು. ನಾವು ಮೆಷಿನ್ನನ್ನು ತಬ್ಬಿಕೊಂಡು ಜಗಲಿಗೆ ಎಳೆದು ತಂದೆವು. ಬಿಸಿಲಿನಲ್ಲಿ ಮಾವ ಅದನ್ನು ಮೊದಲ ಸಲ ಸರಿಯಾಗಿ ನೋಡಿದರು. ಅರ್ಧ ರಾಕೆಟ್ಟು, ಅರ್ಧ ಕಾರು. ಕಾರಿನ ಮೇಲೆ ಕೈಯಾಡಿಸಿ, ರೇಗಿದ್ದನ್ನು ಮರೆತವರಂತೆ ಕೇಳಿದರು: "ಇದ್ರಲ್ಲಿ ಕಾರು ಓಡಿಸ್ಬೋದಿತ್ತಾ?"

ಮಾವ ಜೀವಮಾನವೆಲ್ಲ ಎತ್ತಿನ ಗಾಡಿ, ಆಮೇಲೆ ಬಸ್ಸಿನಲ್ಲಿ ಓಡಾಡಿದವರು, ಸ್ಟೇರಿಂಗ್ ಮುಟ್ಟಿದವರಲ್ಲ. ನಮಗೆ ಅದು ಗೊತ್ತಿತ್ತು. ಷಡ್ಡಕ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ.

ಮುಂದಿನ ಭಾನುವಾರಗಳಲ್ಲಿ ಇಬ್ಬರೂ ಬೆಂಗಳೂರಿನ ಗುಜರಿ ಅಂಗಡಿಗಳನ್ನು ಜಾಲಾಡಿದೆವು. ಹಳೇ ಕಾರಿನ ಗೇಮಿನ ಬೋರ್ಡು ಎಲ್ಲೂ ಸಿಗಲಿಲ್ಲ. ಅದಕ್ಕಿಂತ ಹೊಸದಾದ, ಬೇರೆಯೇ ಕಾರಿನ ಗೇಮು ಒಂದು ಸಿಕ್ಕಿತು. ಜೊತೆಗೆ ಯಾವುದೋ ಮೆಷಿನ್ನಿನ ಸ್ಟೇರಿಂಗೂ ಸಿಕ್ಕಿತು. ನಾನು ಮರದ ಬಿಲ್ಲೆ ಕಿತ್ತು ಸ್ಟೇರಿಂಗನ್ನು ಅದರ ಹಳೇ ಜಾಗದಲ್ಲಿ ಕೂರಿಸಿ, ಷಡ್ಡಕ ಕೊರೆದ ತೂತುಗಳನ್ನೆಲ್ಲ ಮುಚ್ಚಿದೆ. ಅವನು ಬೋರ್ಡಿಗೆ ವೈರು ಎಳೆದು, ನಮ್ಮ ಹಳ್ಳಿ ಕರೆಂಟಿನ ಕುಣಿತಕ್ಕೆ ಹೆದರಿ ಸ್ಟೆಬಿಲೈಸರ್ ಇಟ್ಟ. ಪರದೆ ಹೊತ್ತಿಕೊಂಡಿತು, ರಸ್ತೆ ಬಂತು. ನಾನು "ನೋಡು, ಮೊದಲಿದ್ದ ಹಾಗೇ ಆಯ್ತು" ಅಂದೆ. ಅವನು "ಎಲ್ಲಾ ಹೊಸದೇ ಹಾಕಿದ್ದು" ಅಂದ. ಆ ವಾದ ಇವತ್ತಿಗೂ ನಡೆಯುತ್ತಿದೆ. ಮದುವೆ, ನಾಮಕರಣ, ಆಸ್ಪತ್ರೆ ವರಾಂಡ, ಯಾವ ಜಾಗವನ್ನೂ ನಾವು ಬಿಟ್ಟಿಲ್ಲ.

ಮಾವ ಮೊದಲು ಎದುರಿಗೆ ಬಂದ ವಾಹನಕ್ಕೆಲ್ಲ ಗುದ್ದಿದರು. ಗುದ್ದಿದಾಗಲೆಲ್ಲ ಅಯ್ಯಯ್ಯೋ ಅಂತ ಪರದೆಯಲ್ಲಿದ್ದವರಿಗಾಗಿ ಮರುಗಿದರು. ಆಮೇಲೆ ಕೈ ಪಳಗಿತು. ದಿನಾ ಸಂಜೆ ತಲೆಗೆ ಟವೆಲ್ಲು ಸುತ್ತಿ, ಹೆಗಲು ಮುಂದಕ್ಕೆ ಬಾಗಿಸಿ, ಕಾಣದ ಊರುಗಳ ರಸ್ತೆಯಲ್ಲಿ ಹೋಗುತ್ತಿದ್ದರು. ತಿರುವು ಬಂದಾಗ ಅವರ ಮೈಯೆಲ್ಲ ಅತ್ತ ವಾಲುತ್ತಿತ್ತು. ಅತ್ತೆ ಹಿಪ್ಪುನೇರಳೆ ಸೊಪ್ಪಿನ ಮಂಕರಿ ಹೊತ್ತು ಬಂದು ಜಗಲಿಯ ಕೆಳಗೆ ನಿಂತು ಕೂಗುತ್ತಿದ್ದರು: "ಹುಳಕ್ಕೆ ಸೊಪ್ಪು ಹಾಕೋ ಹೊತ್ತಾಯ್ತು. ಕಾರಿಂದ ಇಳೀರಿ ಸಾಕು."

"ಇರೇ, ಎಲ್ಲಾದ್ರೂ ಪಕ್ಕಕ್ಕೆ ನಿಲ್ಲಿಸ್ಬೇಕಲ್ಲ" ಅನ್ನುತ್ತಿದ್ದರು ಮಾವ, ರಸ್ತೆಯಿಂದ ಕಣ್ಣು ತೆಗೆಯದೆ.