ಕಾರಿನ ನಂದಾದೀಪ

ನಮ್ಮ ಮನೆಗೆ ಕಾರು ಬಂದದ್ದು ಎಂಬತ್ತರ ದಶಕದ ಆರಂಭದಲ್ಲಿ. ಮಣಿಪಾಲದ ಡಾಕ್ಟರೊಬ್ಬರು ಓಡಿಸಿ ಬಿಟ್ಟ ಪುಟ್ಟ ಫಿಯೆಟ್. ಹಾಲು ಹೆಚ್ಚಾದ ಚಹಾದ ಬಣ್ಣ, ಹಿಂದಿನ ಸೀಟಿನಲ್ಲಿ ಇನ್ನೂ ಆಸ್ಪತ್ರೆಯ ವಾಸನೆ. ನನ್ನ ಗಂಡ ಮಣಿಪಾಲದ ಕಾಲೇಜೊಂದರಲ್ಲಿ ವಾಣಿಜ್ಯದ ಪಾಠ ಮಾಡುತ್ತಿದ್ದರು. ಉಡುಪಿಯ ನಮ್ಮ ಮನೆಯಿಂದ ಅಲ್ಲಿಗೆ ಬಸ್ಸೇ ಸಾಕಿತ್ತು. ಹಾಗಾಗಿ ಕಾರು ಅಂಗಳದ ತಗಡಿನ ಮಾಡಿನಡಿಯಲ್ಲಿ ನಿಂತೇ ಇರುತ್ತಿತ್ತು. ಮದುವೆಗೋ ದೇವಸ್ಥಾನಕ್ಕೋ ಹೋಗುವ ದಿನ ಹೊರಗೆ ಬರುತ್ತಿತ್ತು. ಪೆಟ್ರೋಲಿನ ಮೇಲೆ ಇವರಿಗೆ ಅಪಾರ ಕರುಣೆ. ಬ್ಯಾಟರಿಯ ಮೇಲೆ ಯಾರಿಗೂ ಇರಲಿಲ್ಲ.

ಕಾರು ಬಂದ ವಾರವೇ ರಥಬೀದಿಯ ಅಂಗಡಿಯಿಂದ ಅಂಗೈಯಗಲದ ಪ್ಲಾಸ್ಟಿಕ್ ಮಂಟಪವೊಂದು ಬಂತು. ಒಳಗೆ ಕೃಷ್ಣ, ಎದುರಿಗೆ ದೀಪದ ಕುಡಿಯ ಆಕಾರದ ಸಣ್ಣ ಬಲ್ಬು. ಮಂಟಪದ ಕಳಶ ಅಚ್ಚಿನಲ್ಲೇ ಒಂದು ಕಡೆಗೆ ವಾಲಿತ್ತು. ಅತ್ತೆ ಕನ್ನಡಕ ಏರಿಸಿ ನೋಡಿ, "ಇದು ನಮ್ಮ ಕೃಷ್ಣ ಅಲ್ಲ. ಕೈಯಲ್ಲಿ ಕಡೆಗೋಲು ಎಲ್ಲಿ ಉಂಟು? ಕೊಳಲು ಉಂಟು" ಎಂದು ಹೇಳಿ ಒಳಗೆ ಹೋದರು. ಅವರ ಆಸಕ್ತಿ ಅಲ್ಲಿಗೆ ಮುಗಿಯಿತು. ದುರದೃಷ್ಟಕ್ಕೆ ಬೇರೆಯವರದು ಅಲ್ಲಿಂದ ಸುರುವಾಯಿತು.

ಬೇರೆಯವರು ಎಂದರೆ ಇವರ ಅಕ್ಕನ ಗಂಡ, ಕಾಪುವಿನ ಭಾವ. ಬೊಂಬಾಯಿಯಲ್ಲಿ ಕೆಲವು ವರ್ಷ ವಿದ್ಯುತ್ ಸಾಮಾನಿನ ಅಂಗಡಿಯಲ್ಲಿ ಬಿಲ್ಲು ಬರೆದು ಊರಿಗೆ ಮರಳಿದವರು. ಸಕ್ಕರೆ ಅಂಗಡಿಯಲ್ಲಿ ಬಿಲ್ಲು ಬರೆದವನು ಕಬ್ಬು ಬೆಳೆಯಬಲ್ಲ ಎಂದು ನಂಬುವ ಜನ ನಮ್ಮ ಮನೆಯವರು. ಕರೆಂಟಿಗೆ ಸಂಬಂಧಪಟ್ಟ ಯಾವ ಮಾತು ಬಂದರೂ ಎಲ್ಲರೂ ಭಾವನ ಮುಖ ನೋಡುತ್ತಿದ್ದರು. ಭಾವ ಉತ್ತರ ಕೊಡುವ ಮೊದಲು ಅಂಗಿಯ ಕೈ ಮಡಚಿಕೊಳ್ಳುತ್ತಿದ್ದರು.

ಆ ಬಲ್ಬಿಗೆ ಕರೆಂಟು ಬರುತ್ತಿದ್ದದ್ದು ಕೀಯ ಮೂಲಕ. ಕೀ ತಿರುಗಿಸಿ ಎಂಜಿನ್ ನಿಲ್ಲಿಸಿದರೆ ದೀಪವೂ ಹೋಗುತ್ತಿತ್ತು. ಒಂದು ಭಾನುವಾರ ಕಾಪುವಿನಲ್ಲಿ ಅವರ ಮನೆಯ ಎದುರು ಕಾರು ನಿಲ್ಲಿಸಿದಾಗ ಭಾವ ಇದನ್ನು ಕಂಡುಹಿಡಿದರು.

"ದೇವರ ಮುಂದಿನ ದೀಪವನ್ನು ಹೀಗೆ ಪಟ್ಟಂತ ಆರಿಸುವುದಾ ಮಾರಾಯ?"

"ಎಂತ ಮಾಡುವುದು ಭಾವ? ಕಾರು ನಿಂತರೆ ಅದೂ ನಿಲ್ಲುತ್ತದೆ."

"ನಂದಾದೀಪ ಆರಬಾರದು. ಬ್ಯಾಟರಿಯಿಂದ ನೇರ ಒಂದು ವಯರ್ ಎಳೆದು ಪ್ಲಗ್ ಪಾಯಿಂಟ್ ಕೂರಿಸುವ. ಆಗ ಕೀ ಇದ್ದರೂ ಉರಿಯುತ್ತದೆ, ಇಲ್ಲದಿದ್ದರೂ ಉರಿಯುತ್ತದೆ."

ನಂದಾದೀಪವೆಂದರೆ ಏನೆಂದು ಇಬ್ಬರೂ ಬಲ್ಲವರು. ನಮ್ಮ ದೇವರ ಕೋಣೆಯಲ್ಲಿಯೇ ಒಂದು ಇತ್ತು. ಅದಕ್ಕೆ ಎಣ್ಣೆ ಎರೆದವರು ಇಬ್ಬರಲ್ಲಿ ಯಾರೂ ಅಲ್ಲ, ಅಷ್ಟೇ.

ಮುಂದಿನ ಭಾನುವಾರ ನಮ್ಮ ಅಂಗಳದಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಬಾನೆಟ್ ಎತ್ತಿದರು, ಕೆಂಪು ವಯರನ್ನು ಬ್ಯಾಟರಿಯಿಂದ ಒಳಗೆ ತಂದರು. ಡ್ಯಾಶ್‌ಬೋರ್ಡಿಗೆ ತೂತು ಕೊರೆಯುವಾಗ ಕೈ ಜಾರಿ ಬೆಕ್ಕು ಪರಚಿದಂಥ ಗೆರೆಯೊಂದು ಬಿತ್ತು. ಅದರ ಪಕ್ಕದಲ್ಲಿ ಕಂದು ಬಣ್ಣದ, ಎರಡು ತೂತಿನ ಪಾಯಿಂಟು ಕುಳಿತಿತು, ಮಂಟಪದ ವಯರಿನ ಪ್ಲಗ್ಗು ಅದರೊಳಗೆ ಹೋಯಿತು. ಕಾಫಿ ತಂದುಕೊಟ್ಟ ನಾನು ಕೇಳಿದೆ, "ಕಾರು ಹೊರಡದ ದಿನ ಬ್ಯಾಟರಿಗೆ ಚಾರ್ಜು ಎಲ್ಲಿಂದ ಬರುತ್ತದೆ?"

ಭಾವ ನಕ್ಕರು. "ಇಷ್ಟು ಸಣ್ಣ ಬಲ್ಬು. ಇರುವೆ ಕುಡಿದರೆ ಬಾವಿ ಬತ್ತುತ್ತದಾ ತಂಗಿ?"

"ನೀನು ಸಕ್ಕರೆ ಸ್ವಲ್ಪ ಕಡಿಮೆ ಹಾಕಿದ್ದಿ" ಎಂದರು ಇವರು.

ಕಾರ್ಕಳದ ಕಾನ್ವೆಂಟಿನಲ್ಲಿ ನಮಗೆ ವಿಜ್ಞಾನ ಕಲಿಸಿದ ಸಿಸ್ಟರ್ ಒಮ್ಮೆ ಹಳೆಯ ಬ್ಯಾಟರಿಯ ಮುಚ್ಚಳ ತೆಗೆದು ಒಳಗಿನ ಪ್ಲೇಟುಗಳನ್ನು ತೋರಿಸಿದ್ದರು. "ತುಂಬಿಸದೆ ಮೊಗೆಯುತ್ತಾ ಹೋದರೆ ಯಾವ ಪಾತ್ರೆಯೂ ಖಾಲಿ, ಮಕ್ಕಳೇ" ಎಂದಿದ್ದರು. ಅದು ನನಗೆ ನೆನಪಿತ್ತು. ಆದರೆ ಮತ್ತೆ ಹೇಳಲಿಲ್ಲ. ಹೇಳಿದ ಮಾತನ್ನೇ ಎರಡನೆಯ ಸಲ ಹೇಳುವುದು ಒಳ್ಳೆಯ ಹೆಣ್ಣುಮಕ್ಕಳ ಲಕ್ಷಣವಲ್ಲ ಎಂದೂ ಅದೇ ಕಾನ್ವೆಂಟಿನಲ್ಲಿ ಕಲಿಸಿದ್ದರು. ಕಲಿಸಿದವರಿಗೆ ಗಂಡಂದಿರು ಇರಲಿಲ್ಲ.

ಅದು ಮದುವೆಗಳ ಕಾಲ. ಕಾರು ಆಗಾಗ ಹೊರಡುತ್ತಿತ್ತು, ಓಡುವಾಗ ಬ್ಯಾಟರಿ ತುಂಬಿಕೊಳ್ಳುತ್ತಿತ್ತು, ದೀಪ ಉರಿಯುತ್ತಿತ್ತು, ಭಾವ ಗೆಲ್ಲುತ್ತಿದ್ದರು. ಊಟದ ಪಂಕ್ತಿಯಿಂದ ಎದ್ದ ನೆಂಟರನ್ನು ಕಾರಿನ ಬಳಿಗೆ ಕರೆದುಕೊಂಡು ಹೋಗಿ, ಕೀಯನ್ನು ಅಂಗೈಯಲ್ಲಿಟ್ಟು ತೋರಿಸಿ, "ಕೀ ಇಲ್ಲಿ ಉಂಟು. ದೀಪ ಅಲ್ಲಿ ಉಂಟು" ಎನ್ನುತ್ತಿದ್ದರು. ನೆಂಟರು ತಲೆಯಾಡಿಸುತ್ತಿದ್ದರು. ಪಾಯಸ ಕುಡಿದ ಮೇಲೆ ಮನುಷ್ಯ ಯಾವುದಕ್ಕೂ ತಲೆಯಾಡಿಸುತ್ತಾನೆ.

ಮದುವೆಗಳು ಮುಗಿಯುತ್ತಾ ಬಂದಾಗ ಸುದ್ದಿಯೊಂದು ಬಂತು. ಆ ಸಿಸ್ಟರ್‌ಗೆ ವರ್ಗವಾಗಿದೆ, ಉತ್ತರದ ಕಡೆ ಎಲ್ಲಿಗೋ. ಭಾನುವಾರ ನಾಲ್ಕು ಗಂಟೆಗೆ ಜೀಪಿನಲ್ಲಿ ಮಂಗಳೂರಿಗೆ ಹೊರಟು ಅಲ್ಲಿಂದ ರೈಲು. ವಯಸ್ಸಾಗಿತ್ತು, ಇನ್ನು ಈ ಕಡೆ ಬರುವವರಲ್ಲ. ಅಮ್ಮ ತೀರಿಕೊಂಡ ವರ್ಷ ಅಪ್ಪ ನನ್ನನ್ನು ಶಾಲೆ ಬಿಡಿಸಿ ಅಜೆಕಾರಿನ ಮನೆಯಲ್ಲಿ ಕೂರಿಸಿದ್ದರು. ಆಗ ಈ ಸಿಸ್ಟರ್ ಕಾರ್ಕಳದಿಂದ ಬಸ್ಸಿನಲ್ಲಿ ಬಂದು, ನಮ್ಮ ಚಾವಡಿಯಲ್ಲಿ ಕೊಡೆಯನ್ನು ಮಡಿಲಲ್ಲಿಟ್ಟು ಕುಳಿತು, ಅಪ್ಪ ಒಪ್ಪುವವರೆಗೂ ಏಳಲಿಲ್ಲ. ಕೊಟ್ಟ ಮಜ್ಜಿಗೆಯನ್ನೂ ಒಪ್ಪಿದ ಮೇಲೆಯೇ ಕುಡಿದರು. ಅವರ ಎದುರು ಕುಳಿತು ಒಂದು ಗಂಟೆ ಮಾತಾಡಬೇಕು ಎಂಬುದು ನನ್ನ ಆಸೆ. ಇವರು, "ಬಸ್ಸು ಯಾಕೆ, ಕಾರು ಉಂಟಲ್ಲ. ಊಟ ಮಾಡಿ ಹೊರಟರೆ ಎರಡೂವರೆಗೆ ಅಲ್ಲಿ" ಎಂದು ಮಾತು ಕೊಟ್ಟರು.

ಆ ವಾರ ಮದುವೆ ಇರಲಿಲ್ಲ. ಕಾರು ನಿಂತಲ್ಲೇ ನಿಂತಿತ್ತು. ತುಳಸಿಗೆ ನೀರು ಹಾಕುವಾಗ ಗಾಜಿನೊಳಗೆ ದೀಪ ಕಾಣುತ್ತಿತ್ತು. ವಾರದ ನಡುವೆ ಅದರ ಬಣ್ಣ ಬಾಳೆಹಣ್ಣಿನದು. ಶುಕ್ರವಾರ ಅಬ್ಬಲಿಗೆ ಹೂವಿನದು. ಶನಿವಾರ ಊದುಬತ್ತಿಯ ತುದಿಯದು. ಎರಡನೆಯ ಸಲ ಹೇಳಬಾರದೆಂಬ ನಿಯಮವನ್ನು ಬದಿಗಿಟ್ಟು ಇವರಿಗೆ ಹೇಳಿದೆ, "ಕಾರಿನ ದೀಪ ಕೆಂಪಾಗಿದೆ."

ಇವರು ಪೇಪರಿನಿಂದ ತಲೆ ಎತ್ತಲಿಲ್ಲ. "ವೋಲ್ಟೇಜು ಕಡಿಮೆ ಇರಬಹುದು. ನಿನ್ನೆ ಮಣಿಪಾಲದಲ್ಲಿಯೂ ಹಾಗೆಯೇ ಇತ್ತು."

ಕಾರಿಗೆ ಯಾವ ಕಂಬದಿಂದ ಲೈನು ಬರುತ್ತದೆ ಎಂದು ನಾನು ಕೇಳಲಿಲ್ಲ. ಎಂ.ಕಾಂ. ಓದಿದವರನ್ನು ಹಾಗೆಲ್ಲ ಕೇಳಬಾರದು.

ಭಾನುವಾರ ಭಾವ ಊಟಕ್ಕೆ ಬಂದರು. ಮಾವಿನ ಹಣ್ಣಿನ ಸಾಸಿವೆಯನ್ನು ಎರಡು ಸಲ ಹಾಕಿಸಿಕೊಂಡು, ಕಾರ್ಕಳಕ್ಕೆ ತಾನೂ ಬರುವುದಾಗಿ ಹೇಳಿದರು. ನಾನು ಸೀರೆ ಉಟ್ಟು, ಸಿಸ್ಟರ್‌ಗೆಂದು ಮಾಡಿದ ಕಾಯಿಹೋಳಿಗೆಯ ಡಬ್ಬಿ ಹಿಡಿದು ಹಿಂದಿನ ಸೀಟಿನಲ್ಲಿ ಕುಳಿತೆ. ಇವರು ಕೀ ತಿರುಗಿಸಿದರು. ಟಿಕ್ ಎಂದಿತು. ಮತ್ತೆ ತಿರುಗಿಸಿದರು. ಈ ಸಲ ಟಿಕ್ ಕೂಡ ಎನ್ನಲಿಲ್ಲ. ಮಂಟಪದಲ್ಲಿ ಕೃಷ್ಣ ಕತ್ತಲಲ್ಲಿ ಕೊಳಲೂದುತ್ತಿದ್ದ.

"ಬ್ಯಾಟರಿ ಹಳತು ಮಾರಾಯ. ಆ ಡಾಕ್ಟರು ನಿನಗೆ ಟೋಪಿ ಹಾಕಿದರು" ಎಂದರು ಭಾವ, ಒಂದು ಕ್ಷಣವೂ ತಡಮಾಡದೆ.

"ದೀಪದಿಂದ ಆದದ್ದಲ್ಲ ಅಲ್ವಾ?" ಎಂದು ಇವರು ಕೇಳಿದರು.

"ಛೆ, ಆ ದೀಪ ಎಂತ ತಿನ್ನುತ್ತದೆ?"

ನಮ್ಮ ಮನೆಯಿಂದ ರಸ್ತೆಗೆ ಏರು. ಇಬ್ಬರೂ ಕಾರನ್ನು ಆ ಏರಿಗೆ ದೂಡತೊಡಗಿದರು. ಭಾವನ ದೂಡುವಿಕೆಯಲ್ಲಿ ಉಸಿರಿನ ಸದ್ದೇ ಹೆಚ್ಚು. ಕಾರು ಒಂದು ಮೊಳ ಮೇಲೆ ಹೋಗಿ, ಯೋಚಿಸಿ, ಹಿಂದಕ್ಕೆ ಬರುತ್ತಿತ್ತು. ನಾನು ಡಬ್ಬಿ ಹಿಡಿದು ಜಗಲಿಯ ಬದಿಯಲ್ಲಿ ನಿಂತೆ. ಒಳಗಿನ ಗಡಿಯಾರ ಎರಡು ಹೊಡೆಯಿತು.

ಅತ್ತೆ ಹೊರಗೆ ಬಂದರು. "ಎಂತ ಆಯಿತು?"

"ಬ್ಯಾಟರಿ ಬತ್ತಿತು ಅತ್ತೆ. ವಾರವಿಡೀ ದೀಪ ಉರಿದದ್ದಲ್ವಾ?"

"ಯಾರು ಉರಿಸಲಿಕ್ಕೆ ಹೇಳಿದ್ದು?"

"ನಂದಾದೀಪ ಅಲ್ವಾ ಅಮ್ಮ, ಆರಬಾರದು" ಎಂದರು ಇವರು, ಬೆವರು ಒರೆಸುತ್ತಾ.

ಅತ್ತೆ ಮಗನನ್ನೂ ಅಳಿಯನನ್ನೂ ಒಟ್ಟಿಗೆ ನೋಡಿದರು. "ಒಳಗಿನದಕ್ಕೆ ಬೆಳಿಗ್ಗೆ, ಸಂಜೆ ನಾನು ಎಣ್ಣೆ ಎರೆಯುತ್ತೇನೆ, ಹಾಗಾಗಿ ಆರುವುದಿಲ್ಲ. ಇದಕ್ಕೆ ಎರೆದದ್ದು ಯಾರು? ನೀನಾ? ಅಳಿಯಂದಿರಾ?" ಉತ್ತರಕ್ಕೆ ಕಾಯದೆ ನನ್ನ ಕಡೆ ತಿರುಗಿದರು. "ಮಗಳೇ, ನೀನು ಬಸ್ಸಿಗೆ ಹೋಗು. ಇವರನ್ನು ಕಾದರೆ ನಿನಗೆ ಸಿಗುವುದು ಜೀಪಿನ ಧೂಳು."

ಹೋದೆ. ಬಸ್ಸು ಹಿರಿಯಡ್ಕದಲ್ಲಿ ಯಾರದೋ ಬಾಳೆಗೊನೆಗಳಿಗಾಗಿ ನಿಂತಿತು. ಕಂಡಕ್ಟರ್ ಒಂದೊಂದನ್ನೂ ಬಸ್ಸಿನ ಮಾಡಿಗೆ ಏರಿಸಿ ಕಟ್ಟುವಾಗ ನಾನು ಡಬ್ಬಿಯ ಮುಚ್ಚಳವನ್ನು ಒತ್ತುತ್ತಾ ಕುಳಿತಿದ್ದೆ. ಕಾನ್ವೆಂಟಿನ ಗೇಟು ತಲುಪಿದಾಗ ಜೀಪಿಗೆ ಟ್ರಂಕು ಏರಿಸಿ ಹಗ್ಗ ಬಿಗಿಯುತ್ತಿದ್ದರು. ಸಿಸ್ಟರ್ ಕೊಡೆ ಹಿಡಿದು ನಿಂತಿದ್ದರು. ಅದೇ ಕೊಡೆಯೋ ಏನೋ, ಹಿಡಿಕೆಯ ಮೇಲೆ ಬಣ್ಣ ಹೋಗಿತ್ತು.

"ಇಷ್ಟು ತಡವಾಯಿತಲ್ಲ ಮಗು. ನೀನು ಬರುವುದಿಲ್ಲ ಎಂದುಕೊಂಡೆ."

ಕಾರಿನ ಕಥೆ ಹೇಳಿದೆ. ಮಾತಾಡಬೇಕೆಂದು ಕೂಡಿಟ್ಟುಕೊಂಡದ್ದು ಬೇರೆ. ಇದ್ದ ಐದು ನಿಮಿಷವನ್ನು ಆ ದರಿದ್ರ ಬಲ್ಬು ತಿಂದಿತು. ಸಿಸ್ಟರ್ ಮಾತ್ರ ಗಂಭೀರವಾಗಿ ಕೇಳಿದರು, ಪ್ರಯೋಗಶಾಲೆಯಲ್ಲಿ ಕೇಳುತ್ತಿದ್ದ ಹಾಗೆ.

"ನಿನ್ನ ಗಂಡನಿಗೆ ಎಷ್ಟು ಅಂಕ ಕೊಡುವುದು?"

"ಸೊನ್ನೆ ಕೊಡಿ ಸಿಸ್ಟರ್."

"ಸೊನ್ನೆ ಬೇಡ. ದೂಡುತ್ತಿದ್ದಾರಲ್ಲ. ಅದಕ್ಕೆ ಒಂದು ಕೊಡುವ."

"ಏರಿಗೆ ದೂಡುತ್ತಿದ್ದಾರೆ."

"ಹಾಗಾದರೆ ಅರ್ಧ." ನಕ್ಕರು. ನನ್ನ ತಲೆಯ ಮೇಲೆ ಕೈಯಿಟ್ಟರು. ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ಜೀಪು ಹತ್ತಿದರು. ಅಪ್ಪನ ಚಾವಡಿಯ ಮಾತು, ನಾನು ಹೇಳಬೇಕಿದ್ದ ಒಂದೇ ಮಾತು, ಜೀಪು ತಿರುವಿನಲ್ಲಿ ಮರೆಯಾದ ಮೇಲೆ ನಾಲಿಗೆಗೆ ಬಂತು.

ಇನ್ನೊಬ್ಬ ಸಿಸ್ಟರ್ ಚಹಾ ಕೊಟ್ಟರು. ಅದು ಮುಗಿಯುವ ಹೊತ್ತಿಗೆ ಗೇಟಿನ ಹೊರಗೆ ನಮ್ಮ ಕಾರಿನ ಗಂಟಲು ಕೇಳಿಸಿತು. ಕೊನೆಗೆ ಕಾರನ್ನು ಹಿತ್ತಿಲ ಬದಿಯ ಇಳಿಜಾರಿಗೆ ತಿರುಗಿಸುವ ಬುದ್ಧಿ ಯಾರಿಗೋ ಬಂದಿತ್ತು. ಇಬ್ಬರ ಬೆನ್ನಿಗೂ ಅಂಗಿ ಅಂಟಿತ್ತು. ಎಂಜಿನ್ ನಿಲ್ಲಿಸಲು ಧೈರ್ಯವಿಲ್ಲದೆ ಇವರು ಒಳಗೇ ಕುಳಿತಿದ್ದರು.

"ಸಿಸ್ಟರ್ ಎಲ್ಲಿ?" ಎಂದು ಕೇಳಿದರು.

"ಹೋದರು."

ಭಾವ ಮಂಟಪದ ಕಡೆ ಕೈ ತೋರಿಸಿದರು. "ನೋಡಿ ತಂಗಿ, ದೀಪ ಪುನಃ ಚಂದ ಉರಿಯುತ್ತಾ ಉಂಟು."

ನಾನು ಎದುರಿನ ಬಾಗಿಲು ತೆರೆದು, ಒಳಗೆ ಬಗ್ಗಿ, ಕರವಸ್ತ್ರದಲ್ಲಿ ಹಿಡಿದು ಬಲ್ಬನ್ನು ತಿರುಗಿಸಿ ತೆಗೆದೆ. ಬಿಸಿಯಾಗಿತ್ತು. ಕರವಸ್ತ್ರದ ಸಮೇತ ಪರ್ಸಿಗೆ ಹಾಕಿ ಹಿಂದಿನ ಸೀಟಿನಲ್ಲಿ ಕುಳಿತೆ.

ಮನೆಯಲ್ಲಿ ಅತ್ತೆ, "ಸಿಕ್ಕಿದರಾ?" ಎಂದು ಕೇಳಿದರು.

"ಐದು ನಿಮಿಷ."

ಬಲ್ಬನ್ನು ಅವರ ಕೈಗೆ ಕೊಟ್ಟೆ. ತಿರುಗಿಸಿ ನೋಡಿದರು. ಒಳಗೆ ಹೋಗಿ ದೇವರ ಕೋಣೆಯ ಬತ್ತಿಯ ಬುಟ್ಟಿಯಲ್ಲಿ, ಹತ್ತಿಯ ಬತ್ತಿಗಳ ನಡುವೆ ಇಟ್ಟರು. ಹೊರಗೆ ಬಂದು ಗಂಡಸರಿಬ್ಬರಿಗೂ ಕೇಳುವಂತೆ ಹೇಳಿದರು:

"ದೀಪದ ಬತ್ತಿ ಅಲ್ವಾ, ಅಲ್ಲಿಯೇ ಇರಲಿ. ಬೇಕಾದವರು ಬೆಳಿಗ್ಗೆ ತಣ್ಣೀರಿನಲ್ಲಿ ಮಿಂದು, ಒದ್ದೆ ಪಂಚೆಯಲ್ಲಿ ಬಂದು ತೆಗೆದುಕೊಳ್ಳಲಿ."

ರಥಬೀದಿಯಲ್ಲಿ ಅಂಥ ಬಲ್ಬುಗಳು ಬೇಕಾದಷ್ಟಿದ್ದವು. ಯಾರೂ ಕೊಳ್ಳಲಿಲ್ಲ. ಪ್ಲಗ್ಗು ಕಿತ್ತ ಆ ಪಾಯಿಂಟು ಕಾರು ಮಾರುವವರೆಗೂ ಎರಡು ತೂತುಗಳನ್ನು ಬಿಟ್ಟುಕೊಂಡು ಪರಚಿದ ಗೆರೆಯ ಪಕ್ಕದಲ್ಲಿ ಕುಳಿತಿತ್ತು. ಬಲ್ಬು ಬುಟ್ಟಿಯಲ್ಲಿಯೇ ಉಳಿಯಿತು. ತಣ್ಣೀರಿನಲ್ಲಿ ಮಿಂದು ಬಂದವರು ಯಾರೂ ಇರಲಿಲ್ಲ.