ಕಂಬ ಮುಟ್ಟಬಾರದು ಅಂದುಕೊಂಡಿದ್ದೆವು

ಹಿಮದ ಮೇಲೆ ಇಳಿಯುತ್ತಿದ್ದ ಹುಡುಗಿ ಕೆಂಪು ಕಂಬಕ್ಕೆ ಮೊಣಕಾಲಿನಿಂದ ಗುದ್ದಿದಳು. ಕಂಬ ನೆಲಕ್ಕೆ ಬಾಗಿತು.

“ಹೋತು, ಔಟ್ ಇವ್ಳು,” ಅಂದಳು ನನ್ನ ತಂಗಿ.

ಕಂಬ ಎದ್ದು ನಿಂತಿತು. ಹುಡುಗಿ ಮುಂದಿನ ನೀಲಿ ಕಂಬಕ್ಕೂ ಗುದ್ದಿ ಇಳಿದಳು. ಗೆದ್ದಳು.

“ಮೋಸ ಕಣಣ್ಣ. ಮುಟ್ಟಿದ್ಲಲ್ಲ.”

ಧರ್ಮಪುರದ ಶೇಂಗಾ ಮಿಲ್ಲಿನಲ್ಲಿ ನನಗೆ ಕೆಲಸ. ತಂಗಿ ಊಟ ತಂದಾಗ ನನ್ನ ಮೊಬೈಲಿನಲ್ಲಿ ಹೆಂಗಸರ ಸ್ಲಾಲಮ್ ನೋಡುತ್ತಿದ್ದೆವು. ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು, ಹಿಮದ ಇಳಿಜಾರಿನಲ್ಲಿ ಕಂಬಗಳನ್ನು ಸುತ್ತುತ್ತಾ ಇಳಿಯುವ ಓಟ ಅದು. ಮಾತೆಲ್ಲ ಇಂಗ್ಲಿಷ್. ನಮಗೆ ಅರ್ಥವಾಗುತ್ತಿರಲಿಲ್ಲ. ನಮ್ಮದು ಕುರಿ ಸಾಕುವ ಮನೆ. ಕುರಿ ಕೂಡಿಹಾಕುವ ಬಲೆಯ ಗೂಟಕ್ಕೆ ಕಾಲು ತಾಗಿದರೆ ಬಲೆ ಬೀಳುತ್ತದೆ, ಮರಿಗಳು ಓಡುತ್ತವೆ, ಅಪ್ಪ ಬೈಯುತ್ತಾನೆ. ಅದಕ್ಕೇ ಈ ಓಟದಲ್ಲೂ ಮುಟ್ಟಿದವಳು ಸೋತಳು ಅಂದುಕೊಂಡೆವು.

ಮಿಲ್ಲಿನ ಹಿಂದೆ ಶೇಂಗಾ ಹೊಟ್ಟಿನ ದೊಡ್ಡ ಗುಡ್ಡೆ ಇತ್ತು. ತಂಗಿ ಅದರ ಮೇಲೆ ಗೂಟ ನೆಟ್ಟಳು. ಗೊಬ್ಬರದ ಚೀಲದ ಮೇಲೆ ಕುಳಿತು ಜಾರಿದಳು. ಎಲ್ಲಿ ತಾಗುತ್ತದೋ ಎಂದು ಪ್ರತಿ ಗೂಟವನ್ನೂ ದೂರದಿಂದ ಸುತ್ತುತ್ತಿದ್ದಳು. ನಾನು ಮೊಬೈಲಿನಲ್ಲಿ ಟೈಮ್ ಹಿಡಿಯುತ್ತಿದ್ದೆ.

“ಎಷ್ಟಾತಣ್ಣ?”

“ಎಮ್ಮೆ ಇದಕ್ಕಿಂತ ಬೇಗ ಇಳೀತೈತೆ.”

“ನೀನ್ ಇಳಿದು ತೋರ್ಸಪ್ಪ, ನೋಡಾಣ.”

ಅವಳ ಕೂದಲ ತುಂಬ ಹೊಟ್ಟು. ಮನೆಯಲ್ಲಿ ಅವ್ವ ಅದನ್ನು ಕೊಡವುತ್ತಾ, “ನಿನ್ನ ಯಾವನ್ ಕಟ್ಕಂತಾನೆ” ಅನ್ನುತ್ತಿದ್ದಳು.

ಹೊಳಲ್ಕೆರೆ ಕಡೆಯವನು ಕಟ್ಟಿಕೊಂಡ.

ಅವಳು ಹೋದ ಮೇಲೆ ಓಟವನ್ನು ಒಬ್ಬನೇ ನೋಡಿದೆ. ನಿಧಾನ ಮಾಡಿ, ಮತ್ತೆ ಮತ್ತೆ ನೋಡಿದಾಗ ತಿಳಿಯಿತು. ಎಲ್ಲರೂ ಕಂಬಕ್ಕೆ ಗುದ್ದುತ್ತಾರೆ. ಎರಡೂ ಪಾದ ಕಂಬದ ಬುಡ ಸುತ್ತಿದರೆ ಸಾಕು. ಕಂಬ ಬಿಟ್ಟು ಹೋದರೆ ಮಾತ್ರ ಔಟ್. ತಂಗಿ ಗೂಟಕ್ಕೆ ಒತ್ತಿಕೊಂಡು ಜಾರಿದ್ದರೆ ಎಷ್ಟು ಬೇಗ ಇಳಿಯುತ್ತಿದ್ದಳೋ. ಅದೊಂದನ್ನು ನೋಡಬೇಕು ಅನ್ನಿಸಿತು. ಇವತ್ತಿಗೂ ಅನ್ನಿಸುತ್ತದೆ.

ಫೋನ್ ಮಾಡಿದೆ.

“ಮುಟ್ಟಬೋದು ಕಣೇ.”

“ದಿಟವಾ?”

“ದಿಟ. ಮುಟ್ಕಂಡೇ ಇಳೀಬೇಕು. ಬಾ ಒಂದ್ಸಲ.”

“ಈಗ ಬಿಡಲ್ಲಣ್ಣ ಇಲ್ಲಿ. ಮೆಕ್ಕೆಜೋಳ ಮುರಿಯೋದು ಮುಗೀಲಿ, ಬತ್ತೀನಿ. ಅತ್ತೆ ಕರೀತಾರೆ, ಇಡ್ತೀನಿ.”

ಜೋಳ ಮುಗಿಯಿತು. ಅವಳು ಬರಲಿಲ್ಲ. ಅವಳು ಬರಬೇಕಾದ ಹಿರಿಯೂರು ಕಡೆಯ ಬಸ್ ಬಂದ ಸದ್ದಾದರೆ ಮಿಷನ್ ಬಿಟ್ಟು ಗೇಟಿಗೆ ಹೋಗಿ ನೋಡುತ್ತೇನೆ. ಯಾರ್ಯಾರೋ ಇಳಿಯುತ್ತಾರೆ.

ಅಷ್ಟೇ. ಇನ್ನು ಹೇಳುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ.