ಹನ್ನೊಂದು ಒಂದುಗಳ ಕಂಟ್ರೋಲರ್

ನಮ್ಮ ಬಸ್ ನಿಲ್ದಾಣದ ಕಂಟ್ರೋಲರ್ ಸಾಹೇಬರ ಎಡ ಅಂಗೈ ಸದಾ ನೀಲಿ. ಗುಣಿಸುವಾಗ ಮುಂದಿನ ಸ್ಥಾನಕ್ಕೆ ಸೇರಿಸಬೇಕಾದ ಅಂಕಿಯನ್ನು ಅವರು ಬಾಲ್‌ಪೆನ್ನಿನಿಂದ ಅಲ್ಲೇ ಬರೆದುಕೊಳ್ಳುತ್ತಿದ್ದರು. ಲೆಕ್ಕ ಮಾಡಲು ಮನೆಯ ಹಳೆಯ ಕ್ಯಾಲೆಂಡರಿನ ಹಿಂಬದಿ. ಬಸ್ಸುಗಳ ಸಮಯ ಬರೆಯುವ ಸರ್ಕಾರಿ ರಿಜಿಸ್ಟರಿನ ಒಂದು ಮೂಲೆಯೂ ಅವರ ಖಾಸಗಿ ಭಾಗಾಕಾರಕ್ಕೆ ಬಳಕೆಯಾಗಿರಲಿಲ್ಲ.

ಒಂದು ಬಸ್ಸು ಹೋಗಿ ಇನ್ನೊಂದು ಬರುವ ನಡುವೆ ಅವರು ಭಾಗಿಸುತ್ತಿದ್ದದ್ದು ಒಂದೇ ಸಂಖ್ಯೆಯನ್ನು: ಹನ್ನೊಂದು ಒಂದುಗಳನ್ನು ಸಾಲಾಗಿ ಬರೆದದ್ದು. ಓದಿದರೆ ಸಾವಿರದ ನೂರ ಹನ್ನೊಂದು ಕೋಟಿ, ಹನ್ನೊಂದು ಲಕ್ಷ, ಹನ್ನೊಂದು ಸಾವಿರದ ನೂರ ಹನ್ನೊಂದು.

"ನೋಡಾಕೆ ಕಬ್ಬಿಣದ ಗೇಟ್ ಇದ್ದಂಗೈತೆ ಮೇಷ್ಟ್ರೇ. ಎಲ್ಲಾದ್ರೂ ಒಂದು ಚಿಲಕ ಐತೋ ಇಲ್ಲೋ, ಅದು ಗೊತ್ತಾಗಬೇಕು."

ನಾನು ನ್ಯಾಮತಿ ಕಡೆ ಕನ್ನಡ ಮೇಷ್ಟ್ರು, ಗಣಿತದಲ್ಲಿ ಮೂವತ್ತೈದು ಅಂಕ ಪಡೆದು ಪಾರಾದವನು. ಈ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ ಯಾವುದೇ ಸಂಖ್ಯೆಯಾದರೂ ಇಪ್ಪತ್ತೆರಡರಿಂದ ಭಾಗಿಸಿದಾಗ ಒಂದನ್ನೇ ಉಳಿಸಬೇಕಂತೆ. ಏಕೆಂದು ಮೂರು ಸಲ ವಿವರಿಸಿದರು; ಮೂರು ಸಲವೂ, ದೇವರ ದಯೆ, ನನ್ನ ಬಸ್ಸು ಬಂತು. ಹಾಗೆ ಇಪ್ಪತ್ತಮೂರರಿಂದ ಶುರುಮಾಡಿ, ಇಪ್ಪತ್ತೆರಡಿಪ್ಪತ್ತೆರಡು ಹೆಜ್ಜೆಯಿಟ್ಟು, ಒಂದು ಲಕ್ಷದ ಐದೂವರೆ ಸಾವಿರದವರೆಗೆ ನೋಡಬೇಕು. ಅಷ್ಟರೊಳಗೆ ಒಡೆಯದಿದ್ದರೆ ಎಂದೆಂದಿಗೂ ಒಡೆಯದು.

ಅವರ ಗಡಿಯಾರವೂ ಅದೇ. "ನಿಮ್ಮ ಬಸ್ಸು ಮೂರು ಭಾಗಾಕಾರ ತಡ ಐತೆ, ಕೂತ್ಕಳ್ರಿ."

ಫೋನಿನಲ್ಲಿ ನೋಡಿಬಿಡಲೇ ಎಂದು ಒಮ್ಮೆ ಕೇಳಿದೆ.

"ಫೋನು ಹೇಳಿದ್ರೆ ಫೋನಿಗೆ ಗೊತ್ತಾದಂಗಾತು. ನನಗೇನು ಗೊತ್ತಾತು? ನೋಡಲ್ಲ ಅಂತ ಮಾತು ಕೊಡ್ರಿ." ಕೊಟ್ಟೆ.

ಆರು ವರ್ಷ ಭಾಗಿಸಿದರು. ನಿವೃತ್ತಿಗೆ ಎರಡು ತಿಂಗಳಿರುವಾಗ ಕೆಲಸ ಮುಗಿಯಿತು. ಚಿಲಕ ಸಿಗಲಿಲ್ಲ. ಬೀಳ್ಕೊಡುಗೆಯ ದಿನ ನಿಲ್ದಾಣದ ಮೈಕಿನಲ್ಲೇ ಸಾರುವುದೆಂದು ನಿರ್ಧಾರವಾಯಿತು: ಈ ಸಂಖ್ಯೆ ಒಡೆಯುವುದಿಲ್ಲ. ಅದಕ್ಕೆ ಮೊದಲು ಕ್ಯಾಲೆಂಡರ್ ಹಾಳೆಗಳ ಕಟ್ಟನ್ನು ತಂದು ನನ್ನ ಕೈಗಿತ್ತರು.

"ನಾನ್ಯಾಕ್ರೀ ಸಾಹೇಬ್ರೇ? ಲೆಕ್ಕದ ಮೇಷ್ಟ್ರು ಬೇಕಾದಷ್ಟು ಜನ ಅದಾರೆ."

"ಅವರಿಗೆ ಲೆಕ್ಕ ಬರ್ತೈತೆ, ಕಣ್ಣಾಡಿಸಿ ಕೊಡ್ತಾರೆ. ನಿಮಗೆ ಬರಲ್ಲ. ಹೆದರ್ಕಂಡು ಹುಷಾರಾಗಿ ಮಾಡ್ತೀರಿ."

ಇಷ್ಟು ಗೌರವಯುತವಾಗಿ ನನ್ನನ್ನು ಯಾರೂ ದಡ್ಡನೆಂದಿರಲಿಲ್ಲ. ದಸರಾ ರಜೆ ಪೂರ್ತಿ ಕೂತು ಹೆದರಿಕೊಂಡೇ ಮಾಡಿದೆ. ಕಟ್ಟಿನ ಕಾಲುಭಾಗ ಮುಗಿಯುವ ಹೊತ್ತಿಗೆ ಇಪ್ಪತ್ತೊಂದು ಸಾವಿರದ ಆರುನೂರ ನಲವತ್ತೊಂಬತ್ತು ಬಂತು. ಅವರ ಹಾಳೆಯಲ್ಲಿ ಶೇಷ ಹತ್ತು. ನನ್ನದರಲ್ಲಿ ಸೊನ್ನೆ. ನಾಲ್ಕು ಸಲ ಮಾಡಿದೆ, ನಾಲ್ಕು ಸಲವೂ ಸೊನ್ನೆ. ಆರು ವರ್ಷದ ದುಡಿಮೆ ತಪ್ಪೆಂದು ಮೂವತ್ತೈದು ಅಂಕದವನು ಹೇಳುವುದು ಹೇಗೆ? ಹೇಳದಿದ್ದರೆ, ಜನ್ಮದಲ್ಲಿ ಒಂದು ನಿಮಿಷವನ್ನೂ ಸುಳ್ಳು ಬರೆಯದ ಮನುಷ್ಯ ಮೈಕಿನಲ್ಲಿ ಸುಳ್ಳು ಸಾರುತ್ತಾರೆ.

ಮರುದಿನ ಕೌಂಟರಿನ ಕಿಂಡಿಯಲ್ಲಿ ಹಾಳೆ ತೂರಿಸಿದೆ. "ಮೂವತ್ತಾರಕ್ಕೆ ಎಂಟು ಕೂಡಿಸಿದ್ರೆ?"

"ನಲವತ್ನಾಲ್ಕು."

"ನೀವು ನಲವತ್ಮೂರು ಹಾಕಿದೀರಿ."

ಅವರು ಅಂಗೈ ನೋಡಿಕೊಂಡರು. ಆ ದಿನ ಬೆವರಿಗೆ ಅಲ್ಲಿದ್ದ ಎಂಟು ಏಳಾಗಿತ್ತೇನೋ. ಮೊದಲಿನಿಂದ ಭಾಗಿಸತೊಡಗಿದರು. ಹೊರಗೆ ಚನ್ನಗಿರಿ ಬಸ್ಸಿನ ಡ್ರೈವರ್ ಹಾರ್ನ್ ಒತ್ತಿದ. "ಸಾಹೇಬ್ರೇ, ಟೈಮ್ ಹಾಕ್ಕೊಡ್ರಿ! ಕೆರೆಬಿಳಚಿ ಜನ ನನ್ನ ಹಿಡ್ಕಂಡು ಬೈತಾರೆ!"

ಸಾಹೇಬರು ತಲೆಯೆತ್ತಲಿಲ್ಲ. ಸೊನ್ನೆ ಬಂತು. ಭಾಗಲಬ್ಧ ಐದು ಲಕ್ಷದ ಹದಿಮೂರು ಸಾವಿರದ ಇನ್ನೂರ ಮೂವತ್ತೊಂಬತ್ತನ್ನು ತಿರುಗಿ ಗುಣಿಸಿದರು. ಹನ್ನೊಂದು ಒಂದುಗಳೂ ಶಿಸ್ತಾಗಿ ಸಾಲಿಗೆ ಬಂದು ನಿಂತವು.

"ಬೇಜಾರಾತಾ ಸಾಹೇಬ್ರೇ?"

"ಯಾಕ್ರೀ? ಚಿಲಕ ಸಿಕ್ತಲ್ಲ! ನಾನು ಅದರ ಮೇಲೆ ಕೈಯಿಟ್ಕಂಡೇ ಗೋಡೆ ಅಂತಿದ್ದೆ."

ಆಮೇಲೆ ರಿಜಿಸ್ಟರ್ ಎಳೆದುಕೊಂಡು ಕೆಂಪು ಶಾಯಿಯಲ್ಲಿ ಬರೆದರು: ಚನ್ನಗಿರಿ ಬಸ್ಸು ನಾಲ್ಕು ನಿಮಿಷ ವಿಳಂಬ. ಕಾರಣ: ಕಂಟ್ರೋಲರ್. ಕ್ಯಾಲೆಂಡರ್ ಹಾಳೆಯ ಕೆಳಗೆ 'ಪರಿಶೀಲಿಸಿದವರು' ಎಂದು ಬರೆದು ನನ್ನ ರುಜು ಹಾಕಿಸಿಕೊಂಡರು.

ಹೋದ ವರ್ಷ ಅವರು ತೀರಿಕೊಂಡರು. ಮನೆಗೆ ಹೋದಾಗ ಅವರ ಹೆಂಡತಿ ನನ್ನ ಮುಖವನ್ನೇ ದಿಟ್ಟಿಸಿ, "ನೀವೇ ಅಲ್ಲೇನ್ರಿ, ಅವರ ತಪ್ಪು ಹಿಡಿದ ಲೆಕ್ಕದ ಮೇಷ್ಟ್ರು? ಎಲ್ಲರ ಮುಂದೆ ಹೇಳ್ಕಂಡು ಹಿಗ್ತಿದ್ರು" ಅಂದರು.

ಇಪ್ಪತ್ತೆಂಟು ವರ್ಷ ಹಳಗನ್ನಡ ಪಾಠ ಮಾಡಿದ ನಾನು, "ಹೌದಮ್ಮಾ, ನಾನೇ" ಅಂದೆ.